ಜೂಮ್ಲಾ: ಅನುಮತಿ ಕೊಟ್ಟರೂ ತಿದ್ದಲು ಆಗುತ್ತಿಲ್ಲ

ಪ್ರಶ್ನೆ (ಶಿರಸಿ): ಜಾಲತಾಣ ನಿರ್ವಹಿಸುವ ತಂತ್ರಾಂಶವಾದ ಜೂಮ್ಲಾದಲ್ಲಿ ಮಾಡಿದ ನಮ್ಮ ಅಡಿಕೆ ಬೆಳೆಗಾರರ ಸಂಘದ ಜಾಲತಾಣದಲ್ಲಿ ಚಾಲಿ, ರಾಶಿ, ಬೆಟ್ಟೆಗಳ ದರ ಬರೆಯುವ ಸಿಬ್ಬಂದಿಗೆ ಪ್ರತ್ಯೇಕ ಗುಂಪು ಮಾಡಿ, ದರಪಟ್ಟಿಯ ವಿಭಾಗದಲ್ಲಿ ‘ಎಡಿಟ್’ಗೆ ‘ಅಲೋಡ್’ ಎಂದು ಕೊಟ್ಟಿದ್ದರೂ, ಪಕ್ಕದಲ್ಲಿ ಬೀಗದ ಗುರುತಿನೊಂದಿಗೆ ‘ನಾಟ್ ಅಲೋಡ್’ ಎಂದೇ ತೋರಿಸುತ್ತಿದೆ. ದಯವಿಟ್ಟು ಕಾರಣ ತಿಳಿಸಿ.

ಉತ್ತರ (ಕಾರವಾರ): ಬೀಗದ ಗುರುತಿನಲ್ಲೇ ಕಾರಣವಿದೆ. ಮೇಲಿನ ಗುಂಪಿನಲ್ಲಾಗಲಿ, ಇಡೀ ತಾಣಕ್ಕೆ ಅನ್ವಯಿಸುವ ಗ್ಲೋಬಲ್ ಕಾನ್ಫಿಗರೇಶನ್‌ನಲ್ಲಾಗಲಿ ‘ಡಿನೈಡ್’ (ನಿರಾಕರಣೆ) ಎಂದು ಇಟ್ಟಿದ್ದರೆ, ಕೆಳಗಿನ ಹಂತದಲ್ಲಿ ಕೊಟ್ಟ ಯಾವ ‘ಅಲೋಡ್’ ಕೂಡ ಅದನ್ನು ಮೀರಲಾರದು. ಆ ‘ಡಿನೈಡ್’ ಅನ್ನು, ಮೇಲಿನ ಹಂತದ ಅನುಮತಿಯನ್ನೇ ಪಡೆಯುವ ‘ಇನ್‌ಹೆರಿಟೆಡ್’ಗೆ ಬದಲಿಸಿ ಸೇವ್ ಮಾಡಿರಿ. ಎಲ್ಲಿಯೂ ಅನುಮತಿ ಕೊಡದಿದ್ದರೆ ಜೂಮ್ಲಾ ತಾನಾಗಿಯೇ ನಿರಾಕರಿಸುವುದರಿಂದ, ‘ಡಿನೈಡ್’ ಬಳಸುವ ಅಗತ್ಯ ಬರುವುದೇ ಅಪರೂಪ.

ಉತ್ತರ (ಕುಮಟಾ): ಆ ಸಿಬ್ಬಂದಿ ಬೇರೊಂದು ಗುಂಪಿನಲ್ಲಿಯೂ ಇದ್ದಾರೆಯೇ ಎಂದು ನೋಡಿರಿ. ಅಲ್ಲಿನ ‘ಡಿನೈಡ್’ ಕೂಡ ಇಲ್ಲಿನ ಅನುಮತಿಯನ್ನು ರದ್ದುಮಾಡುತ್ತದೆ.