ಸ್ಲೈಡ್‌ಗಳನ್ನು ವಿಡಿಯೊ ಎಡಿಟಿಂಗ್ ತಂತ್ರಾಂಶಕ್ಕೆ ತರುವುದು ಹೇಗೆ?

ಪ್ರಶ್ನೆ (ವಿರಾಜಪೇಟೆಯಿಂದ): ಕರಿಮೆಣಸಿನ ಸೊರಗು ರೋಗದ ಬಗ್ಗೆ ಬೆಳೆಗಾರರಿಗಾಗಿ ಪವರ್‌ಪಾಯಿಂಟ್‌ನಲ್ಲಿ ಸಿದ್ಧಪಡಿಸಿದ ಸ್ಲೈಡ್‌ಗಳನ್ನು, ತೋಟದಲ್ಲಿ ಚಿತ್ರೀಕರಿಸಿದ ದೃಶ್ಯಗಳ ನಡುವೆ ಸೇರಿಸಬೇಕಾಗಿದೆ. ನಾನು ಬಳಸುವ ಎಡಿಟಿಂಗ್ ತಂತ್ರಾಂಶ ಕೆಡೆನ್‌ಲೈವ್ ಆ ಕಡತವನ್ನು ಸ್ವೀಕರಿಸುತ್ತಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ಉತ್ತರ 1: ಸರ್, ಅದನ್ನು ನೇರವಾಗಿ ಸೇರಿಸಲಾಗದು. ಪ್ರತಿ ಸ್ಲೈಡನ್ನೂ ಪಿಎನ್‌ಜಿ ಚಿತ್ರವಾಗಿ ಉಳಿಸಿಕೊಂಡರೆ, ಶಿಲೀಂಧ್ರನಾಶಕವಾದ ಬೋರ್ಡೋ ದ್ರಾವಣದ ಪ್ರಮಾಣ ತೋರಿಸುವ ಸ್ಲೈಡನ್ನು ನಿಮ್ಮ ಮಾತು ಮುಗಿಯುವವರೆಗೂ ಟೈಮ್‌ಲೈನ್‌ನಲ್ಲಿ (ದೃಶ್ಯಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ) ಎಳೆದು ನಿಲ್ಲಿಸಬಹುದು; ಅಕ್ಷರಗಳು ಚಿತ್ರದ ಭಾಗವೇ ಆಗುವುದರಿಂದ ಕನ್ನಡದ ಒತ್ತಕ್ಷರಗಳು ಚೆದುರುವ ಭಯವೂ ಇಲ್ಲ.

ಉತ್ತರ 2: ಆದರೆ ಅಗಲ ಪರದೆಯ ಸ್ಲೈಡ್ ಸಾಮಾನ್ಯವಾಗಿ 1280×720 ಪಿಕ್ಸೆಲ್ ಅಳತೆಯಲ್ಲಷ್ಟೇ ಹೊರಬರುವುದರಿಂದ, 1920×1080ರ ವಿಡಿಯೊದಲ್ಲಿ ಸಣ್ಣ ಅಕ್ಷರಗಳು ಮಸುಕಾಗುತ್ತವೆ. ಮೊದಲೇ ಸ್ಲೈಡಿನ ಅಗಲವನ್ನು 20 ಇಂಚಿಗೆ, ಎತ್ತರವನ್ನು 11.25 ಇಂಚಿಗೆ ಹೆಚ್ಚಿಸಿಕೊಳ್ಳಿ; ಆಗ ಚಿತ್ರವೂ 1920×1080 ಅಳತೆಯಲ್ಲೇ ಹೊರಬರುತ್ತದೆ.

ಉತ್ತರ 3: ಅನಿಮೇಷನ್ ಉಳಿಯಲೇಬೇಕೆಂದಾದರೆ ಮಾತ್ರ ಪವರ್‌ಪಾಯಿಂಟ್‌ನಿಂದಲೇ ಎಂಪಿ4 ವಿಡಿಯೊ ಮಾಡಿಕೊಳ್ಳಿ. ರೋಗದ ವಿಷಯಕ್ಕೆ ಹಾರಾಡುವ ಅಕ್ಷರಗಳಿಗಿಂತ ನಿಶ್ಚಲ ಚಿತ್ರವೇ ಮೇಲೆಂಬುದು ನನ್ನ ಅಭಿಪ್ರಾಯ.