ಪದಚರ್ಚೆ: ವ್ಯಾಟ್‌ನಿಂದ ಆಂಪಿಯರ್‌ಗೆ ‘ಪರಿವರ್ತನೆ’ ಎನ್ನಬಹುದೆ?

ಮಾನ್ಯರೆ,

ಪಂಪ್‌ಸೆಟ್ ಮತ್ತು ಮನೆಬಳಕೆಯ ವಿದ್ಯುತ್ ಉಪಕರಣಗಳನ್ನು ಕುರಿತು ರೈತರಿಗಾಗಿ ಸಿದ್ಧವಾಗುತ್ತಿರುವ ಕೈಪಿಡಿಯೊಂದರ ಕರಡನ್ನು ತಿದ್ದುತ್ತಿದ್ದೇನೆ. ಅದರ ಒಂದು ಅಧ್ಯಾಯಕ್ಕೆ ‘ವ್ಯಾಟ್‌ನಿಂದ ಆಂಪಿಯರ್‌ಗೆ ಪರಿವರ್ತನೆ’ ಎಂಬ ತಲೆಬರಹವಿದೆ. ‘ಪರಿವರ್ತನೆ’ ಎಂಬ ಮಾತು ಇಲ್ಲಿ ಸಲ್ಲುವುದೆ, ಸಲ್ಲದಿದ್ದರೆ ಆ ಜಾಗದಲ್ಲಿ ಏನು ಬರೆಯಬಹುದು ಎಂಬುದು ನನ್ನ ಮುಖ್ಯ ಪ್ರಶ್ನೆ.

ಒಂದು ಅಶ್ವಶಕ್ತಿಯನ್ನು 746 ವ್ಯಾಟ್ ಎಂದು ಬರೆಯುವುದಾಗಲಿ, ಮೀಟರಿನಲ್ಲಿ ಓಡುವ ಒಂದು ಯೂನಿಟ್ಟನ್ನು 36 ಲಕ್ಷ ಜೂಲ್ ಎನ್ನುವುದಾಗಲಿ ನಿಜಕ್ಕೂ ಪರಿವರ್ತನೆಯೇ. ಅಲ್ಲಿ ಅಳೆಯುತ್ತಿರುವುದು ಒಂದನ್ನೇ, ಮಾನ ಮಾತ್ರ ಬೇರೆ. ವ್ಯಾಟ್, ವೋಲ್ಟ್, ಆಂಪಿಯರ್‌ಗಳ ಸಂಗತಿ ಹಾಗಲ್ಲ. ಆಂಪಿಯರ್ ತಂತಿಯಲ್ಲಿ ಹರಿಯುವ ಪ್ರವಾಹದ ಮಾನ, ವೋಲ್ಟ್ ಆ ಪ್ರವಾಹವನ್ನು ಹರಿಸುವ ವಿಭವಾಂತರದ, ಎಂದರೆ ವೋಲ್ಟೇಜಿನ ಮಾನ, ವ್ಯಾಟ್ ಇವೆರಡರ ಗುಣಲಬ್ಧವಾಗಿ ಬರುವ ಸಾಮರ್ಥ್ಯದ ಮಾನ. ಎರಡು ತಿಳಿದಿದ್ದರೆ ಮೂರನೆಯದನ್ನು ಲೆಕ್ಕ ಹಾಕಬಹುದೇ ಹೊರತು, ಒಂದನ್ನಷ್ಟೇ ಹಿಡಿದು ಇನ್ನೊಂದನ್ನಾಗಿ ಮಾಡಲು ಬರುವುದಿಲ್ಲ. 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ; ಆದ್ದರಿಂದಲೇ ಅದಕ್ಕೆ 6 ಆಂಪಿಯರಿನ ಸಾಕೆಟ್ ಸಾಲದೆ 16 ಆಂಪಿಯರಿನದು ಬೇಕಾಗುತ್ತದೆ. ಅದೇ 2000 ವ್ಯಾಟನ್ನು 12 ವೋಲ್ಟಿನ ಬ್ಯಾಟರಿಯಿಂದ ಪಡೆಯಬೇಕಾದರೆ 167 ಆಂಪಿಯರಿನಷ್ಟು ಹರಿಯಬೇಕು.

ಶಬ್ದದ ಸೂಕ್ಷ್ಮವಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ‘ಪರಿವರ್ತನೆ’ ಎಂದೊಡನೆ ಓದುಗರು ಒಂದು ಸ್ಥಿರವಾದ ಗುಣಕವನ್ನು ಹುಡುಕುತ್ತಾರೆ, ಮತ್ತು ಪಂಪ್‌ಸೆಟ್ಟಿನ ವಿಷಯದಲ್ಲಿ ಅದು ದಾರಿ ತಪ್ಪಿಸುತ್ತದೆ. 5 ಎಚ್‌ಪಿಯ (ಅಶ್ವಶಕ್ತಿಯ) ತ್ರೀ ಫೇಸ್ ಮೋಟಾರನ್ನೇ ತೆಗೆದುಕೊಳ್ಳೋಣ. ಅದರ 3730 ವ್ಯಾಟನ್ನು 1.732 (ತ್ರೀ ಫೇಸ್ ಲೆಕ್ಕದಲ್ಲಿ ಬರುವ 3ರ ವರ್ಗಮೂಲ), 415 ವೋಲ್ಟ್, ಪವರ್ ಫ್ಯಾಕ್ಟರ್ (ವೋಲ್ಟ್-ಆಂಪಿಯರ್ ಗುಣಲಬ್ಧದಲ್ಲಿ ನಿಜವಾದ ಸಾಮರ್ಥ್ಯವಾಗುವ ಪಾಲು) 0.8 ಮತ್ತು ದಕ್ಷತೆ 0.85 ಇವುಗಳ ಗುಣಲಬ್ಧದಿಂದ ಭಾಗಿಸಿದರೆ ಪ್ರತಿ ಫೇಸಿಗೆ ಸುಮಾರು 7.6 ಆಂಪಿಯರ್ ಬರುತ್ತದೆ. ‘ಎಚ್‌ಪಿಗೆ ಒಂದೂವರೆ ಆಂಪ್ಸ್’ ಎಂಬ ವೈರ್‌ಮನ್‌ಗಳ ಬಾಯಿಲೆಕ್ಕ ಇದಕ್ಕೆ ಬಹಳ ಹತ್ತಿರವಾಗಿದೆ. ಈಗ ವೋಲ್ಟೇಜ್ 350ಕ್ಕೆ ಇಳಿಯಿತೆನ್ನಿ. ನೀರೆತ್ತುವ ಕೆಲಸ ಕಡಿಮೆಯಾಗದ ಕಾರಣ ಮೋಟಾರು ಹೆಚ್ಚು ಪ್ರವಾಹವನ್ನು ಎಳೆಯತೊಡಗುತ್ತದೆ. ಉಳಿದ ಅಂಕಿಗಳು ಬದಲಾಗಲಿಲ್ಲವೆಂದು ಹಿಡಿದರೂ ಅದು 9 ಆಂಪಿಯರಿಗೆ ಏರಿ ವೈಂಡಿಂಗ್ ಕಾಯುತ್ತದೆ. ಗೀಸರಿನಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಅದರ ಕಾಯಿಲಿನ ರೋಧ ಹೆಚ್ಚುಕಡಿಮೆ ಸ್ಥಿರವಾಗಿರುವುದರಿಂದ, 230 ವೋಲ್ಟ್ 200ಕ್ಕೆ ಇಳಿದರೆ ಪ್ರವಾಹವೂ 8.7ರಿಂದ 7.6 ಆಂಪಿಯರಿಗೆ ಇಳಿಯುತ್ತದೆ, ಸಾಮರ್ಥ್ಯ 1500 ವ್ಯಾಟಿನ ಆಸುಪಾಸಿಗೆ ಬರುತ್ತದೆ, ನೀರು ನಿಧಾನವಾಗಿ ಕಾಯುತ್ತದೆ, ಅಷ್ಟೆ.

ಇನ್ನೊಂದು ತೊಡಕೂ ಇದೆ. ಪತ್ರಿಕೆಗಳ ಕನ್ನಡದಲ್ಲಿ ‘ವಿದ್ಯುತ್ ಪರಿವರ್ತಕ’ ಎಂದರೆ ಹಳ್ಳಿಯವರು ಟಿಸಿ ಎನ್ನುವ ಟ್ರಾನ್ಸ್‌ಫಾರ್ಮರ್. 11 ಸಾವಿರ ವೋಲ್ಟನ್ನು 433 ವೋಲ್ಟಿಗೆ ಇಳಿಸುವ ಆ ಪೆಟ್ಟಿಗೆಯಲ್ಲಿ ನಡೆಯುವುದು ಕಾಗದದ ಮೇಲಿನ ಲೆಕ್ಕವಲ್ಲ, ನಿಜವಾದ ಬದಲಾವಣೆ. ‘ವೋಲ್ಟ್ ಪರಿವರ್ತನೆ’ ಎಂಬುದನ್ನು ಕಂಡ ರೈತರಿಗೆ ಮೊದಲು ನೆನಪಾಗುವುದು ಅದೇ ಇರಬೇಕು.

ಹೀಗಾಗಿ ತಲೆಬರಹವನ್ನು ‘ವ್ಯಾಟ್ ಮತ್ತು ವೋಲ್ಟ್‌ಗಳಿಂದ ಆಂಪಿಯರ್ ಲೆಕ್ಕ’ ಎಂದು ಬದಲಿಸಿ, ಅಶ್ವಶಕ್ತಿಯಿಂದ ವ್ಯಾಟಿಗೆ ಹೋಗುವಲ್ಲಿ ಮಾತ್ರ ‘ಪರಿವರ್ತನೆ’ಯನ್ನು ಉಳಿಸಿಕೊಳ್ಳಬೇಕೆಂದಿದ್ದೇನೆ. ಕರಡಿನಲ್ಲಿದ್ದ ‘ಮೋಟಾರು 7.6 ಆಂಪಿಯರ್ ಬಳಸುತ್ತದೆ’ ಎಂಬುದನ್ನೂ ‘ಎಳೆಯುತ್ತದೆ’ ಎಂದು ತಿದ್ದಿದ್ದೇನೆ. ಪ್ರವಾಹ ಬಂದಷ್ಟೇ ಹಿಂದಿರುಗುತ್ತದೆ. ವ್ಯಯವಾಗುವುದು ಶಕ್ತಿಯೇ ಹೊರತು ಪ್ರವಾಹವಲ್ಲ. ‘ಎಳೆಯುತ್ತದೆ’ ಕೆಲಸಗಾರರ ಆಡುಮಾತಾಯಿತು, ‘ಸೆಳೆಯುತ್ತದೆ’ ಎಂದಿರಲಿ ಎಂದು ಸಂಪಾದಕರೊಬ್ಬರು ಸೂಚಿಸಿದ್ದಾರೆ. ನನಗೆ ಅದು ಅನಗತ್ಯ ನಾಜೂಕೆನಿಸುತ್ತದೆ. ತಮ್ಮ ಅಭಿಪ್ರಾಯವೇನು?

ಎರಡನೆಯ ಪ್ರಶ್ನೆ ‘ಸಾಮರ್ಥ್ಯ’ವನ್ನು ಕುರಿತದ್ದು. ಪಠ್ಯಪುಸ್ತಕಗಳಲ್ಲಿ ಇದು ವ್ಯಾಟಿನಲ್ಲಿ ಅಳೆಯುವ ಪರಿಮಾಣಕ್ಕೆ ನಿಗದಿಯಾದ ಪದ. ಕೈಪಿಡಿಯಲ್ಲಾದರೋ ಬಲ್ಬಿನ ಸಾಮರ್ಥ್ಯ 9 ವ್ಯಾಟ್, ಇನ್ವರ್ಟರಿನ ಸಾಮರ್ಥ್ಯ 850 ವಿಎ (ವೋಲ್ಟ್-ಆಂಪಿಯರ್), ಬ್ಯಾಟರಿಯ ಸಾಮರ್ಥ್ಯ 150 ಎಎಚ್ (ಆಂಪಿಯರ್-ಗಂಟೆ) ಎಂದು ಒಂದೇ ಪುಟದಲ್ಲಿ ಬರುತ್ತದೆ. ವಿಎಯನ್ನು ಪವರ್ ಫ್ಯಾಕ್ಟರಿನಿಂದ ಗುಣಿಸಿದರೆ ವ್ಯಾಟ್ ಸಿಗುವುದರಿಂದ ಮೊದಲೆರಡನ್ನು ಹೇಗೋ ಹೊಂದಿಸಬಹುದು. ಬ್ಯಾಟರಿಯ ಆಂಪಿಯರ್-ಗಂಟೆ ಮಾತ್ರ ಬೇರೆಯದೇ ಜಾತಿ. 12 ವೋಲ್ಟಿನಿಂದ ಗುಣಿಸಿದಾಗ ಅದರಿಂದ ದೊರೆಯುವುದು 1800 ವ್ಯಾಟ್-ಗಂಟೆ, ಎಂದರೆ 1.8 ಯೂನಿಟ್ ಶಕ್ತಿ. ಬ್ಯಾಟರಿಗೆ ‘ಧಾರಣಶಕ್ತಿ’ ಎಂದು ಬರೆಯಬಹುದೆಂದು ಯೋಚಿಸಿದ್ದೆ, ಆದರೆ ಅಲ್ಲಿಯೂ ‘ಶಕ್ತಿ’ ನುಸುಳಿ ಹೊಸ ಗೊಂದಲಕ್ಕೆ ಎಡೆಯಾಗುತ್ತದೆ. ಬ್ಯಾಟರಿ ಅಂಗಡಿಗಳಲ್ಲಿ, ಐಟಿಐ ತರಗತಿಗಳಲ್ಲಿ ಇದಕ್ಕೆ ರೂಢಿಯಲ್ಲಿರುವ ಕನ್ನಡದ ಮಾತು ಯಾವುದಾದರೂ ತಮಗೆ ತಿಳಿದಿದ್ದರೆ, ಅದನ್ನು ಬಳಸುವ ಊರಿನ ಹೆಸರಿನೊಂದಿಗೆ ದಯವಿಟ್ಟು ತಿಳಿಸಿ.