ಲಟ್ಟಣಿಗೆಯಲ್ಲಿ ಹೊಡೆದೆ, ಈಗ ನಾನೇ ಆರೋಪಿ. ಉಚಿತ ವಕೀಲರು ನನಗೂ ಸಿಗುತ್ತಾರಾ?

ತಿಪಟೂರು ಟೈಲರ್:
ಎಲ್ಲರಿಗೂ ನಮಸ್ಕಾರ. ಮದುವೆಯಾಗಿ ಒಂಬತ್ತು ವರ್ಷ. ಏಟು ತಿನ್ನುವುದು ನನಗೆ ಹೊಸದಲ್ಲ. ಹೋದ ಗುರುವಾರ ರಾತ್ರಿ ಚಪಾತಿ ಒತ್ತುತ್ತಿದ್ದೆ. ಚೀಟಿ ದುಡ್ಡಿಗೆ ಜಗಳ ಶುರುವಾಯಿತು. ನಮ್ಮ ಯಜಮಾನರು ಗೋಡೆಗೆ ಒತ್ತಿ ಕತ್ತು ಹಿಸುಕಿದರು. ಉಸಿರು ಕಟ್ಟಿತು. ಕೈಯಲ್ಲಿದ್ದ ಲಟ್ಟಣಿಗೆ ಬೀಸಿದೆ, ಹುಬ್ಬಿಗೆ ಬಿತ್ತು. ಮೂರು ಹೊಲಿಗೆ.

ಮಗಳನ್ನು ಕರೆದುಕೊಂಡು ಅಮ್ಮನ ಮನೆಗೆ ಓಡಿಬಂದೆ. ಅವರು ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ (ಪೊಲೀಸ್ ಕೇಸಿಗಾಗಿ ಆಸ್ಪತ್ರೆಯಲ್ಲಿ ಗಾಯ ದಾಖಲಿಸುವುದು) ಮಾಡಿಸಿ ಕಂಪ್ಲೇಂಟ್ ಕೊಟ್ಟಿದ್ದಾರೆ. ನಿನ್ನೆ ಠಾಣೆಯಿಂದ ನೋಟಿಸ್ ಬಂತು, ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 118(1) ಮತ್ತು 115(2), ಅಂದರೆ ಅಪಾಯಕಾರಿ ಆಯುಧದಿಂದ ಗಾಯ ಮಾಡಿದ್ದು ಮತ್ತು ಬೇಕೆಂದೇ ಗಾಯ ಮಾಡಿದ್ದು. ಲಟ್ಟಣಿಗೆಯನ್ನೂ ಪೊಲೀಸರು ಮಹಜರು ಮಾಡಿ (ಸಾಕ್ಷಿಗಳ ಮುಂದೆ ಬರೆದುಕೊಂಡು) ತೆಗೆದುಕೊಂಡು ಹೋದರಂತೆ. ಅದು ನಮ್ಮತ್ತೆಯೇ ಜಾತ್ರೆಯಲ್ಲಿ ಕೊಡಿಸಿದ್ದು!

ಠಾಣೆಯಿಂದ ಒಬ್ಬರು ಫೋನ್ ಮಾಡಿ "ಬಂದು ಮುಚ್ಚಳಿಕೆ ಬರೆದುಕೊಡಮ್ಮ, ಮುಗಿದುಹೋಗುತ್ತೆ" ಅಂದರು. ಒಬ್ಬ ಲಾಯರ್ 25,000 ಕೇಳಿದರು. ಬ್ಲೌಸ್ ಹೊಲಿದು ತಿಂಗಳಿಗೆ ಏಳೆಂಟು ಸಾವಿರ ಬಂದರೆ ಹೆಚ್ಚು ನನಗೆ. ಉಚಿತ ವಕೀಲರು ಏಟು ತಿಂದವರಿಗೆ ಮಾತ್ರ, ಆರೋಪಿಗಳಿಗಲ್ಲ ಅಂತ ಯಾರೋ ಹೇಳಿದರು. ನಿಜವಾ?

ಊರ ಹಿರಿಯ:
ಕೋರ್ಟು ಕಚೇರಿ ಅಂತ ಹೋದರೆ ಸಂಸಾರ ಉಳಿಯಲ್ಲ ತಾಯಿ. ನಾಲ್ಕು ಜನರನ್ನು ಕೂರಿಸಿ ರಾಜಿ ಮಾಡಿಕೊಳ್ಳಿ.

ಕರಿಕೋಟು:
ಹಿರಿಯರೇ, ಕತ್ತು ಹಿಸುಕಿದ ಮೇಲೂ ರಾಜಿನಾ? ಇರಲಿ ಬಿಡಿ.

ಅಕ್ಕಾ, ನಾನು ತಾಲ್ಲೂಕು ಕೋರ್ಟಿನಲ್ಲಿ ಹನ್ನೊಂದು ವರ್ಷದಿಂದ ವಕೀಲೆ. ನಿಮಗೆ ಹೇಳಿದ್ದು ತಪ್ಪು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. ದೂರು ಕೊಟ್ಟವರಾದರೂ ಸರಿ, ಆರೋಪಿಯಾದರೂ ಸರಿ. ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ, ಅಲ್ಲಿ ಅರ್ಜಿ ಕೊಡಿ. ಕಾನೂನು ನೆರವಿನ ಸಹಾಯವಾಣಿ 15100ಕ್ಕೂ ಫೋನ್ ಮಾಡಬಹುದು.

ಮುಚ್ಚಳಿಕೆ ಬರೆಯಬೇಡಿ. ಎಫ್‌ಐಆರ್ ಆದಮೇಲೆ ಮುಚ್ಚಳಿಕೆಯಿಂದ ಕೇಸ್ ಮುಗಿಯುವುದಿಲ್ಲ. "ತಪ್ಪಾಯಿತು" ಅನ್ನುವ ಕಾಗದ ಮಾತ್ರ ಅವರ ಕೈಯಲ್ಲಿ ಉಳಿಯುತ್ತದೆ. ಆದರೆ ನೋಟಿಸ್‌ಗೆ ಹೋಗದೆ ಇರಬೇಡಿ. ಹೇಳಿದ ದಿನ ಹೋದರೆ ಸುಮ್ಮಸುಮ್ಮನೆ ಬಂಧಿಸುವಂತಿಲ್ಲ, ಬಂಧಿಸಬೇಕಾದರೆ ಕಾರಣ ಬರೆದಿಡಬೇಕು. 118(1) ಜಾಮೀನುರಹಿತ ಸೆಕ್ಷನ್, ಅಂದರೆ ಜಾಮೀನು ಹಕ್ಕಾಗಿ ಸಿಗುವುದಿಲ್ಲ, ಕೋರ್ಟ್ ಕೊಡಬೇಕು. ಹಾಗಾಗಿ ನಿರೀಕ್ಷಣಾ ಜಾಮೀನು (ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು) ಬೇಕಾ ಅಂತ ವಕೀಲರು ನೋಡುತ್ತಾರೆ. ಚಾಕುವಿನಂಥ ಆಯುಧಕ್ಕೆ, ಇಲ್ಲವೇ ಹೊಡೆದರೆ ಸಾವೇ ಬರಬಹುದು ಅನ್ನುವಂಥ ವಸ್ತುವಿಗೆ ಆ ಸೆಕ್ಷನ್. ಚಪಾತಿ ಲಟ್ಟಣಿಗೆ ಆ ಲೆಕ್ಕಕ್ಕೆ ಬರುತ್ತಾ ಅನ್ನುವುದೇ ವಾದ ಮಾಡಬೇಕಾದ ವಿಷಯ.

ಒಂದು ಮಾತು ಸರಿಯಾಗಿ ನೆನಪು ಮಾಡಿಕೊಳ್ಳಿ. ನೀವು ಹೊಡೆದಾಗ ಅವರ ಕೈ ನಿಮ್ಮ ಕತ್ತಿನ ಮೇಲೇ ಇತ್ತಾ, ಬಿಟ್ಟಾಗಿತ್ತಾ? ಆತ್ಮರಕ್ಷಣೆಯ ಹಕ್ಕು ಅಪಾಯ ಇರುವಷ್ಟು ಹೊತ್ತು ಮಾತ್ರ. ಉತ್ತರ ಇಲ್ಲಿ ಬರೆಯಬೇಡಿ, ನಿಮ್ಮ ವಕೀಲರಿಗೆ ಹೇಳಿ. ಇದ್ದದ್ದು ಇದ್ದಂತೆ.

ಇವತ್ತೇ ಆಸ್ಪತ್ರೆಗೆ ಹೋಗಿ. ಕತ್ತಿನ ಗುರುತು ಮಾಸುವ ಮೊದಲು ಡಾಕ್ಟರ್ ಬರೆದುಕೊಳ್ಳಲಿ. ನಿಮ್ಮ ಕಡೆಯ ದೂರನ್ನೂ ಕೊಡಿ. ಒಂದೇ ಗಲಾಟೆಗೆ ಎರಡು ಕೇಸ್ ಆದರೆ ಒಬ್ಬರೇ ನ್ಯಾಯಾಧೀಶರು ಎರಡನ್ನೂ ಕೇಳಬೇಕು ಅಂತ ಸುಪ್ರೀಂ ಕೋರ್ಟ್ ಹಿಂದೆಯೇ ಹೇಳಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅರ್ಜಿ ಬೇರೆ. ಅದನ್ನು ಅಮ್ಮನ ಊರಿನ ಕೋರ್ಟಿನಲ್ಲೇ ಹಾಕಬಹುದು. ನಮ್ಮಲ್ಲಿ ಸಿಡಿಪಿಒ (ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಈ ಕಾಯ್ದೆಯಡಿ ನೆರವಾಗುವ ಸಂರಕ್ಷಣಾಧಿಕಾರಿ, ಅವರನ್ನು ಕಾಣಿ.

ಎರಡು ವರ್ಷ ಅಲೆದವಳು:
ನನ್ನದೂ ಇದೇ ಕಥೆ, ನನ್ನದು ಚಪ್ಪಲಿ ಅಷ್ಟೇ. ಸಮಿತಿಯವರು ಮೊದಲು ಕೊಟ್ಟ ವಕೀಲರು ಫೋನೇ ಎತ್ತುತ್ತಿರಲಿಲ್ಲ. ಸಮಿತಿಗೆ ಬರೆದುಕೊಟ್ಟೆ, ಬದಲಾಯಿಸಿದರು. ಉಚಿತ ಅಂತ ಸಂಕೋಚ ಪಡಬೇಡಿ. ಹಳೆಯ ಆಸ್ಪತ್ರೆ ಚೀಟಿ, ತಂಗಿಗೆ ಕಳಿಸಿದ ವಾಟ್ಸಾಪ್ ವಾಯ್ಸ್ ಮೆಸೇಜ್, ಒಂದನ್ನೂ ಅಳಿಸಬೇಡಿ. ನನಗೆ ಕೈ ಹಿಡಿದಿದ್ದು ಅವೇ.

ತಿಪಟೂರು ಟೈಲರ್:
ಹೋದ ವರ್ಷ ಕೈ ಮುರಿದಾಗಿನ ಚೀಟಿ ಇದೆ. ಆದರೆ ಅದರಲ್ಲಿ "ಬಚ್ಚಲಲ್ಲಿ ಜಾರಿಬಿದ್ದು" ಅಂತಿದೆ. ನಾನೇ ಹಾಗೆ ಹೇಳಿದ್ದೆ, ಅವರು ಪಕ್ಕದಲ್ಲೇ ನಿಂತಿದ್ದರು.

ಕರಿಕೋಟು:
ಎತ್ತಿಟ್ಟುಕೊಳ್ಳಿ. ಜೊತೆಗೆ ಯಾರು ಬಂದಿದ್ದರು, ಯಾಕೆ ಹಾಗೆ ಹೇಳಿದಿರಿ ಅನ್ನುವುದನ್ನೂ ಈಗಲೇ ಬರೆದಿಡಿ.

ತಿಪಟೂರು ಟೈಲರ್:
ಇವತ್ತು ಆಸ್ಪತ್ರೆಗೆ ಹೋಗಿದ್ದೆ. ಏನಾಯಿತಮ್ಮ ಅಂತ ಡಾಕ್ಟರ್ ಕೇಳಿದಾಗ "ಜಾರಿ" ಅನ್ನುವುದು ಬಾಯಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡು, ಗಂಡ ಕತ್ತು ಹಿಸುಕಿದರು ಅಂದೆ. ಬರೆದುಕೊಂಡರು. ಸಮಿತಿಯಿಂದ ಒಬ್ಬರು ಲಾಯರಮ್ಮ ಸಿಕ್ಕಿದ್ದಾರೆ. ಸೋಮವಾರ ಹನ್ನೊಂದಕ್ಕೆ ಠಾಣೆಗೆ ಹೋಗಬೇಕು. "ಹತ್ತೂವರೆಗೇ ಎದುರಿನ ಟೀ ಅಂಗಡಿ ಹತ್ತಿರ ನಿಂತಿರುತ್ತೇನೆ, ಒಬ್ಬಳೇ ಒಳಗೆ ಹೋಗಬೇಡ" ಅಂತ ಲಾಯರಮ್ಮ ಅಂದಿದ್ದಾರೆ.